‘ಅಕ್ಟೋಬರ್‌ನಿಂದ ಫೆಬ್ರವರಿ’ ಅನ್ನೋ ಹಂಪಿ

ಹಂಪಿಗೆ ಹೋಗೋಕೆ ಒಳ್ಳೆ ಟೈಮ್ ಯಾವುದು ಅಂತ ಇಂಟರ್ನೆಟ್ಟಿನಲ್ಲಿ ಕೇಳಿ ನೋಡಿ. ಯಾವ ತಾಣಕ್ಕೆ ಹೋದರೂ, ಯಾವ ಗೈಡ್ ಪುಸ್ತಕ ತೆಗೆದರೂ ಉತ್ತರ ಒಂದೇ: ಅಕ್ಟೋಬರ್‌ನಿಂದ ಫೆಬ್ರವರಿ. ಬಾದಾಮಿಗೂ ಇದೇ ಉತ್ತರ, ವಿಜಯಪುರಕ್ಕೂ ಇದೇ, ಅತ್ತ ಜೈಪುರಕ್ಕೂ ಹೆಚ್ಚುಕಮ್ಮಿ ಇದೇ. ಕೋಡ್ ಬರೆದು ಹೊಟ್ಟೆ ಹೊರೆಯೋ ನಮ್ಮಂಥವರಿಗೆ ಈ ರೋಗ ಚೆನ್ನಾಗಿ ಗೊತ್ತು. ಒಬ್ಬ ಬರೆದಿದ್ದನ್ನ ಇನ್ನೊಬ್ಬ ಎತ್ತಿಕೊಳ್ತಾನೆ, ಮೂರನೆಯವನು ಊರಿನ ಹೆಸರು ಮಾತ್ರ ಬದಲಾಯಿಸಿ ಅಂಟಿಸ್ತಾನೆ, ಹತ್ತು ಕಡೆ ಒಂದೇ ಸಾಲು ಕಂಡ ಮೇಲೆ ಅದೇ ಸತ್ಯ ಆಗಿಬಿಡುತ್ತೆ. ಅದರ ಕೆಳಗೆ ಇನ್ನೊಂದು ಸಾಲು ಇದ್ದೇ ಇರುತ್ತೆ: ನವೆಂಬರ್‌ನಲ್ಲಿ ಹಂಪಿ ಉತ್ಸವ ನಡೆಯುತ್ತೆ, ತಪ್ಪಿಸ್ಕೋಬೇಡಿ.

ಈ ಎರಡು ಸಾಲುಗಳನ್ನ ಇವತ್ತು ಸ್ವಲ್ಪ ತಿಕ್ಕಿ ನೋಡೋಣ. ಯಾಕಂದ್ರೆ ನಮ್ಮಲ್ಲಿ ಬಹಳ ಜನ ಹಂಪಿಯನ್ನ ಜೀವನದಲ್ಲಿ ಒಂದು ಸಲ, ಹೆಚ್ಚಂದ್ರೆ ಎರಡು ಸಲ ನೋಡ್ತಾರೆ. ಆ ಒಂದು ಸಲ ಯಾವಾಗ ಅನ್ನೋದನ್ನ ಈ ಸಾಲುಗಳೇ ತೀರ್ಮಾನ ಮಾಡ್ತಿವೆ.

ಮೊದಲನೇ ಸಾಲು ಪೂರ್ತಿ ಸುಳ್ಳೇನಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಬಳ್ಳಾರಿ ಹೊಸಪೇಟೆ ಸೀಮೆ 40 ಡಿಗ್ರಿ ಮುಟ್ಟುತ್ತೆ. ಹಂಪಿಯಲ್ಲಿ ಇರೋದೆಲ್ಲ ಬಂಡೆ. ಬೆಳಗ್ಗೆಯಿಂದ ಬಿಸಿಲು ಕುಡಿದ ಬಂಡೆ ಸಂಜೆ ಏಳಕ್ಕೂ ಅದನ್ನ ವಾಪಸ್ ಕಾರ್ತಾನೇ ಇರುತ್ತೆ. ಮಕ್ಕಳು, ವಯಸ್ಸಾದವರು ಜೊತೆಗಿದ್ರೆ ಮಧ್ಯಾಹ್ನ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನಿಲ್ಲೋದು ಕಷ್ಟವೇ. ಒಪ್ಪಿದೆ. ಆದರೆ ಆ ಸಾಲು ಲೆಕ್ಕ ಹಾಕಿರೋದು ನಮ್ಮ ಬೆವರನ್ನ ಮಾತ್ರ. ಆ ಊರಲ್ಲಿ ಆಗ ಏನು ನಡೀತಿರುತ್ತೆ, ನದಿ ಹೇಗಿರುತ್ತೆ, ಜನ ಏನು ಮಾಡ್ತಿರ್ತಾರೆ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ಹಂಪಿ ಅಂದ್ರೆ ಕಲ್ಲಿನ ಗುಡ್ಡೆ, ಕಲ್ಲು ಎಲ್ಲಿಗೂ ಓಡಿಹೋಗಲ್ಲ, ತಂಪಾದಾಗ ಹೋಗಿ ನೋಡ್ಕೊಂಡು ಬನ್ನಿ, ಇದು ಆ ಸಲಹೆಯ ಒಟ್ಟು ಭಾವ. ಎಲ್ಲರೂ ಅದನ್ನೇ ಪಾಲಿಸೋದರಿಂದ ಡಿಸೆಂಬರ್ ಕೊನೇ ವಾರ ಹೊಸಪೇಟೆಯಲ್ಲಿ ರೂಮು ಸಿಕ್ಕಿದರೆ ಪುಣ್ಯ. ಮಾತಂಗ ಬೆಟ್ಟದ ಮೇಲೆ ಸೂರ್ಯೋದಯಕ್ಕಿಂತ ಮೊದಲು ಕಾಣೋದು ಮುಂದೆ ನಿಂತವನ ಮೊಬೈಲು.

ಆ ಸಾಲಿನಿಂದ ನಮಗೆ ಆಗಿರೋ ದೊಡ್ಡ ನಷ್ಟ ಮಳೆಗಾಲ. ಹಂಪಿಯಲ್ಲಿ ಮಳೆ ಕಮ್ಮಿ, ಅದು ಒಣ ಸೀಮೆ. ಆದರೆ ಅಲ್ಲಿಗೆ ಮಳೆಗಾಲ ಬರೋದು ಆಕಾಶದಿಂದ ಅಲ್ಲ, ನದಿಯಿಂದ. ತುಂಗೆ ಭದ್ರೆ ಎರಡೂ ಹುಟ್ಟೋದು ಚಿಕ್ಕಮಗಳೂರಿನ ಘಟ್ಟದಲ್ಲಿ, ಕೂಡೋದು ಶಿವಮೊಗ್ಗದ ಹತ್ತಿರದ ಕೂಡಲಿಯಲ್ಲಿ. ಮಲೆನಾಡಲ್ಲಿ ಜುಲೈನಲ್ಲಿ ಹೊಡೆದ ಮಳೆ ಹೊಸಪೇಟೆಯ ಅಣೆಕಟ್ಟಿಗೆ ಬಂದು ತುಂಬುತ್ತೆ, ಅಲ್ಲಿಂದ ಗೇಟು ಎತ್ತಿದಾಗ ಹಂಪಿಗೆ ಇಳಿಯುತ್ತೆ. ಮೇಲೆ ಮೋಡ ಇದ್ದೂ ಹನಿ ಬೀಳದ ದಿನ ಕೆಳಗೆ ಹೊಳೆ ಬಂಡೆಗಳ ಮಧ್ಯೆ ಕೆಂಪಗೆ ನುಗ್ಗುತ್ತಿರುತ್ತೆ. ಪುರಂದರ ಮಂಟಪ ಕಂಬದ ಮಟ್ಟಕ್ಕೆ ಮುಳುಗುತ್ತೆ, ಕೆಲವು ದಿನ ಕಾಣೋದೇ ಇಲ್ಲ. ಹರಿಗೋಲು ನಿಂತುಹೋಗುತ್ತೆ, ಆನೆಗೊಂದಿಗೆ ಹೋಗೋರು ಸುತ್ತಿಕೊಂಡು ಹೋಗಬೇಕು. ಪ್ರವಾಸಿಗೆ ಇದು ತೊಂದರೆ. ಆದರೆ ವಿಜಯನಗರದವರು ಈ ಬಂಡೆಗಾಡಲ್ಲಿ ರಾಜಧಾನಿ ಯಾಕೆ ಕಟ್ಟಿದರು ಅನ್ನೋದು ಅರ್ಥ ಆಗಬೇಕಂದ್ರೆ ಹೊಳೆ ತುಂಬಿದಾಗಲೇ ನೋಡಬೇಕು. ಆಗ ದಾಟೋದೇ ಕಷ್ಟ, ಅಂದಮೇಲೆ ಉತ್ತರದಿಂದ ಬರೋ ದಂಡಿಗೆ ಅದೇ ಕೋಟೆ. ಅವರ ಕಾಲದ ಕಾಲುವೆಗಳಲ್ಲಿ ಇವತ್ತೂ ನೀರು ಹರಿಯುತ್ತೆ. ಆಗಸ್ಟಿನಲ್ಲಿ ಕಮಲಾಪುರದಿಂದ ಹಂಪಿಗೆ ಬರೋ ದಾರಿಯಲ್ಲಿ ಬಾಳೆತೋಟ, ಕಬ್ಬು, ನಾಟಿ ಮಾಡಿದ ಗದ್ದೆ. ಫೋಟೋಗಳಲ್ಲಿ ಹಂಪಿ ಯಾವಾಗಲೂ ಕಂದು ಬಣ್ಣಕ್ಕೇ ಇರೋದು ಯಾಕೆ ಅಂದ್ರೆ ಫೋಟೋ ತೆಗೆಯೋರೆಲ್ಲ ಅದೇ ಐದು ತಿಂಗಳಲ್ಲಿ ಬರೋದು.

(ಒಂದು ಮಾತು: ಹೊಳೆ ನೋಡೋಕೆ ಹೋಗೋರು ಡ್ಯಾಮಿನ ಹೊರಹರಿವು ಎಷ್ಟಿದೆ ಅಂತ ಪೇಪರಿನಲ್ಲಿ ನೋಡಿಯೇ ಹೊರಡಿ. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ನೀರಿನ ಹತ್ತಿರ ಇಳಿದು ಸೆಲ್ಫಿ ತೆಗೆಯೋ ಜಾಗ ಅಲ್ಲ ಅದು.)

ಇನ್ನು ಎರಡನೇ ಸಾಲು, ಹಂಪಿ ಉತ್ಸವ.

ಎಂ.ಪಿ. ಪ್ರಕಾಶರು 1980ರ ದಶಕದಲ್ಲಿ ಇದನ್ನ ಶುರು ಮಾಡಿಸಿದಾಗ ಉದ್ದೇಶ ದೊಡ್ಡದೇ ಇತ್ತು. ಈ ಭಾಗದ ತೊಗಲುಗೊಂಬೆಯವರು, ಬಯಲಾಟದವರು, ಗೀಗೀ ಪದದವರು ಬೆಂಗಳೂರಿಗೆ ಅರ್ಜಿ ಹಾಕಿ ಕಾಯಬೇಕಾಗಿಲ್ಲ, ಬೆಂಗಳೂರೇ ಇಲ್ಲಿಗೆ ಬರಲಿ ಅನ್ನೋ ಯೋಚನೆ ಅದರಲ್ಲಿತ್ತು. ಇವತ್ತಿಗೂ ಉತ್ಸವದಲ್ಲಿ ನನಗೆ ಇಷ್ಟವಾಗೋದು ಜನಪದ ಕಲಾವಾಹಿನಿಯ ಮೆರವಣಿಗೆ, ಆಮೇಲೆ ಸಣ್ಣ ವೇದಿಕೆಗಳು. ಗಜಶಾಲೆ ಮುಂದಿನ ಧ್ವನಿ ಬೆಳಕಿನ ‘ವಿಜಯನಗರ ವೈಭವ’ಕ್ಕೆ ನಮ್ಮ ಕಡೆ ಹಳ್ಳಿ ಜನ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು, ಬುತ್ತಿ ಕಟ್ಟಿಕೊಂಡು ಬರ್ತಾರೆ. ಟಿಕೆಟ್ಟಿಲ್ಲ, ಪಾಸಿಲ್ಲ, ನೆಲದ ಮೇಲೆ ಕೂತು ನೋಡೋದು. ಅದನ್ನ ಆಡಿಕೊಳ್ಳೋಕೆ ನನಗೆ ಮನಸ್ಸಿಲ್ಲ.

ಆದರೆ ಇದನ್ನೇ ನೆಚ್ಚಿಕೊಂಡು ಪ್ರವಾಸ ಪ್ಲಾನ್ ಮಾಡಿ ಅನ್ನೋದಿದೆಯಲ್ಲ, ಅದಕ್ಕೆ ತಕರಾರಿದೆ. ಮೊದಲು ತಾರೀಕು ನೋಡಿ. ಬಹಳ ವರ್ಷ ನವೆಂಬರ್ 3ರಿಂದ 5 ಅಂತ ಇತ್ತು, ಗೈಡುಗಳು ಇನ್ನೂ ಅದನ್ನೇ ಹಿಡ್ಕೊಂಡಿವೆ. 2018ರದ್ದು ಬರ ಅಂತ ಮುಂದಕ್ಕೆ ಹೋಗಿ 2019ರ ಮಾರ್ಚ್ ಮೊದಲ ವಾರ ನಡೀತು. 2020ರಲ್ಲಿ ಜನವರಿ 10, 11. 2023ರಲ್ಲಿ ಜನವರಿ ಕೊನೆ. 2024ರಲ್ಲಿ ಫೆಬ್ರವರಿ 2ರಿಂದ 4. 2025ರಲ್ಲಿ ಫೆಬ್ರವರಿ 28ರಿಂದ ಮಾರ್ಚ್ 2. ನಮ್ಮ ಆಫೀಸಿನಲ್ಲಿ ಒಂದು ರಿಲೀಸ್ ಹೀಗೆ ತಾರೀಕು ಬದಲಾಯಿಸಿದ್ರೆ ಕ್ಲೈಂಟು ಎದ್ದು ಹೋಗ್ತಾನೆ. ಊರಿಂದ ಬೈಕ್ ಹತ್ತಿ ಬರೋರಿಗೆ ಪರವಾಗಿಲ್ಲ. ಮೂರು ತಿಂಗಳ ಮುಂಚೆ ರೈಲು ಟಿಕೆಟ್ ತೆಗೆಯೋರು, ರಜೆ ಬರೆದುಕೊಡೋರು, ಪರದೇಶದಿಂದ ಬರೋ ಕನ್ನಡಿಗರು ಇದನ್ನ ಇಟ್ಕೊಂಡು ಏನು ಪ್ಲಾನ್ ಮಾಡಬೇಕು?

ತಾರೀಕು ಅಲೆಯೋದು ಬರೀ ವ್ಯವಸ್ಥೆಯ ದೋಷ ಅಂತ ನನಗೆ ಅನ್ನಿಸಲ್ಲ. ಆ ಉತ್ಸವಕ್ಕೆ ಇಂಥದ್ದೇ ದಿನ ನಡೀಬೇಕು ಅನ್ನೋದಕ್ಕೆ ಒಳಗಿನ ಕಾರಣವೇ ಇಲ್ಲ. ಹುಣ್ಣಿಮೆ ಇಲ್ಲ, ಸುಗ್ಗಿ ಇಲ್ಲ, ನದಿ ಇಲ್ಲ. ಅನುದಾನ ಬಂದಾಗ, ಚುನಾವಣೆ ಅಡ್ಡ ಬರದಾಗ, ಬರ ಇಲ್ಲದಾಗ, ಗಣ್ಯರಿಗೆ ಬಿಡುವಾದಾಗ ಅದು ನಡೆಯುತ್ತೆ. ನವೆಂಬರಲ್ಲಾದರೂ ಅದೇ ವೇದಿಕೆ, ಮಾರ್ಚಲ್ಲಾದರೂ ಅದೇ ವೇದಿಕೆ, ಅದೇ ಸಿನಿಮಾ ಹಾಡು. ಹಂಪಿ ಅಲ್ಲಿ ಹಿಂದಿನ ಪರದೆ. ಬಣ್ಣದ ದೀಪ ಬಿಟ್ಟ ಗೋಪುರ ಚೆಂದ ಕಾಣುತ್ತೆ, ನಿಜ. ಆದರೆ ಆ ಗೋಪುರಕ್ಕೆ ಅವತ್ತು ಅಲ್ಲಿ ಬೇರೇನೂ ಕೆಲಸ ಇರಲ್ಲ.

ವಿಜಯನಗರದ ವೈಭವ ಅಂತ ಮಾತು ಬಂದಮೇಲೆ ಆ ಕಾಲದ ಲೆಕ್ಕವನ್ನೂ ನೋಡಬೇಕಲ್ಲ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರಯಾಣಿಕ ಡೊಮಿಂಗೊ ಪಾಯೆಸ್, 1535ರ ಹೊತ್ತಿಗೆ ಇಲ್ಲಿದ್ದ ಕುದುರೆ ವ್ಯಾಪಾರಿ ನೂನಿಜ್, ಮೂವರೂ ಬಾಯಿಬಿಟ್ಟು ನೋಡಿ ಬರೆದಿಟ್ಟದ್ದು ಮಹಾನವಮಿಯನ್ನ. ಒಂಬತ್ತು ದಿನ ಕುಸ್ತಿ, ಕುಣಿತ, ಬಾಣಬಿರುಸು, ಸಿಂಗರಿಸಿದ ಆನೆ ಕುದುರೆ, ಕೊನೆಗೆ ರಾಜ ಖುದ್ದಾಗಿ ಸೈನ್ಯ ನೋಡೋದು. ಅದೂ ಸರ್ಕಾರಿ ಉತ್ಸವವೇ, ನಾನೇನು ಅದನ್ನ ಜನರ ಹಬ್ಬ ಅಂತ ಹೊಗಳ್ತಿಲ್ಲ. ಆದರೆ ಅದಕ್ಕೆ ದಿನ ಇತ್ತು, ಆ ದಿನಕ್ಕೆ ಕಾರಣ ಇತ್ತು. ಮಳೆ ಹಿಂದೆ ಸರಿದಿದೆ, ದಾರಿ ಒಣಗಿದೆ, ನಾಯಕರು ತಮ್ಮ ತಮ್ಮ ಸೀಮೆಯಿಂದ ಕಪ್ಪ ತಂದು ಒಪ್ಪಿಸೋಕೆ ಬರ್ತಾರೆ, ಇನ್ನು ಮುಂದೆ ದಂಡು ಹೊರಡೋ ಕಾಲ. ರಾಜ್ಯದ ವರ್ಷದ ಲೆಕ್ಕ ಚುಕ್ತಾ ಆಗೋ ಹೊತ್ತಿಗೆ ಹಬ್ಬ. ಋತು ಬಿಟ್ಟು ಆ ಹಬ್ಬ ಇಲ್ಲ.

ಆ ಹಬ್ಬ ಈಗ ಎಲ್ಲಿದೆ? ಸಾಮ್ರಾಜ್ಯ ಬಿದ್ದ ಮೇಲೆ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನ ಮುಂದುವರಿಸಿದರು, ಅಲ್ಲಿಂದ ಅದು ಮೈಸೂರಿಗೆ ಹೋಯ್ತು. ದಸರೆಗೆ ಇಡೀ ರಾಜ್ಯ ಮೈಸೂರಿನ ಬಸ್ ಹತ್ತುತ್ತೆ. ಅದೇ ಒಂಬತ್ತು ದಿನ ಹಂಪಿಯ ಮಹಾನವಮಿ ದಿಬ್ಬದ ಸುತ್ತ ಜನ ವಿರಳ. ನೀವು ಆ ಹೊತ್ತಿಗೆ ಹೋಗಿ ಅನ್ನೋದು ನನ್ನ ಮೊದಲನೇ ಸಲಹೆ. ಹುಲ್ಲು ಇನ್ನೂ ಹಸಿರಿರುತ್ತೆ. ಬೆಳಗಿನ ಓರೆ ಬಿಸಿಲಿಗೆ ದಿಬ್ಬದ ಪಕ್ಕದ ಕೆತ್ತನೆ ಎದ್ದು ಕಾಣುತ್ತೆ: ಬೇಟೆ, ಕುಸ್ತಿಯವರು, ಕುಣಿಯೋ ಹೆಂಗಸರು, ಬಣ್ಣದ ನೀರು ಎರಚಾಡೋ ವಸಂತದ ಆಟ. ಅಲ್ಲಿಂದ ಹಜಾರರಾಮ ದೇವಸ್ಥಾನಕ್ಕೆ ನಡೆದುಹೋಗಿ, ಹೊರಗಿನ ಗೋಡೆ ಸುತ್ತು ಹಾಕಿ. ಸಾಲು ಸಾಲು ಆನೆ, ಕುದುರೆ, ಕಾಲಾಳು, ನರ್ತಕಿಯರು, ಪಟ್ಟಿ ಮೇಲೆ ಪಟ್ಟಿ. ಪಾಯೆಸ್ ಬರೆದ ಮೆರವಣಿಗೆ ಆ ಗೋಡೆಯಿಂದ ಇನ್ನೂ ಇಳಿದಿಲ್ಲ. ಹೋಗೋಕೆ ಮುಂಚೆ ಅವನ ಬರಹ ಓದಿಕೊಳ್ಳಿ. ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪಾಯೆಸ್, ನೂನಿಜ್ ಇಬ್ಬರೂ ಸಿಗ್ತಾರೆ, ಈಗ ಪುಕ್ಕಟೆಯಾಗಿಯೇ ಓದಬಹುದು. ಪ್ಲಾನಿಂಗ್ ಅಂದ್ರೆ ರೂಮ್ ಬುಕ್ ಮಾಡೋದಷ್ಟೇ ಅಲ್ಲ, ಇದೂ ಕೂಡ.

ಎಲ್ಲಕ್ಕಿಂತ ಮುಖ್ಯವಾದದ್ದು ಗೈಡುಗಳ ಪಟ್ಟಿಯಲ್ಲಿ ಕೊನೆಗೆ ಬರುತ್ತೆ, ಬಂದರೆ. ಸಾಮ್ರಾಜ್ಯ ಹೋದರೂ ವಿರೂಪಾಕ್ಷ ಎಲ್ಲೂ ಹೋಗಲಿಲ್ಲ. ವಿಜಯನಗರ ಹುಟ್ಟೋಕೆ ಮೊದಲೂ ಇದ್ದ, 1565ರ ನಂತರವೂ ಇದ್ದ, ಇವತ್ತೂ ಬೆಳಗ್ಗೆ ಪೂಜೆ ತಗೊಳ್ತಾನೆ. ಅವನಿಗೊಂದು ವರ್ಷಚಕ್ರ ಇದೆ. ನವೆಂಬರ್ ಕೊನೆಗೋ ಡಿಸೆಂಬರಿಗೋ ಬರೋದು ಫಲಪೂಜೆ, ಪಂಪಾದೇವಿ ಜೊತೆ ನಿಶ್ಚಿತಾರ್ಥ. ಉತ್ಸವಮೂರ್ತಿಗಳು ಹೊಳೆದಂಡೆಯ ಕೋದಂಡರಾಮ ದೇವಸ್ಥಾನದ ಕಡೆ ಬರ್ತವೆ. ಮದುವೆ ಚೈತ್ರದಲ್ಲಿ, ಹುಣ್ಣಿಮೆ ಹೊತ್ತಿಗೆ ತೇರು.

ನಿಶ್ಚಿತಾರ್ಥ ಚಳಿಗಾಲದಲ್ಲಿ, ಮದುವೆ ಬೇಸಿಗೆಯಲ್ಲಿ. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೂಡ್ಲಿಗಿ ಕಡೆಯೂ ಹಾಗೇನೇ. ಶೇಂಗಾ ಕಿತ್ತು, ಮೆಕ್ಕೆಜೋಳ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡೋವಾಗ ಹೆಣ್ಣು ನೋಡೋದು, ವೀಳ್ಯ ಬದಲಾಯಿಸೋದು. ಹೊಲದಲ್ಲಿ ಏನೂ ಕೆಲಸ ಇಲ್ಲದ ಚೈತ್ರ ವೈಶಾಖದಲ್ಲಿ ಮದುವೆ. ದೇವರೂ ನಮ್ಮ ಲೆಕ್ಕದಲ್ಲೇ ಮದುವೆ ಆಗ್ತಾನೆ. ತೇರು ಹುಣ್ಣಿಮೆಗೇ ಯಾಕೆ ಅನ್ನೋದಕ್ಕೂ ಶಾಸ್ತ್ರದ ಕಾರಣ ಏನೇ ಇರಲಿ, ನನಗೆ ಹೊಳೆಯೋ ಕಾರಣ ಬೇರೆ. ಕರೆಂಟು, ಬಸ್ಸು ಇಲ್ಲದ ಕಾಲದಲ್ಲಿ ಬಂಡಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ ಬರೋರು ಬಿಸಿಲು ತಪ್ಪಿಸೋಕೆ ರಾತ್ರಿ ನಡೀಬೇಕು. ಅದಕ್ಕೆ ಬೆಳದಿಂಗಳು ಬೇಕು. ‘ಬೇಸಿಗೆಯಲ್ಲಿ ಹೋಗಬೇಡಿ’ ಅನ್ನೋ ಗೈಡಿಗಿಂತ ನಮ್ಮ ಹಿರಿಯರು ಬಿಸಿಲನ್ನ ಚೆನ್ನಾಗಿ ತಿಳ್ಕೊಂಡಿದ್ರು.

ತಾರೀಕಿನ ವಿಷಯಕ್ಕೆ ಬನ್ನಿ. ಚೈತ್ರ ಹುಣ್ಣಿಮೆ 2024ರಲ್ಲಿ ಏಪ್ರಿಲ್ 23ಕ್ಕೆ ಬಿತ್ತು, 2025ರಲ್ಲಿ ಏಪ್ರಿಲ್ 12ಕ್ಕೆ. ಇದೂ ಅಲೆದಾಡುತ್ತಲ್ಲ ಅನ್ನಬಹುದು. ಅಲೆಯುತ್ತೆ, ಆದರೆ ನಿಯಮದ ಪ್ರಕಾರ. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದು, ಅದಕ್ಕೇ ಹಬ್ಬ ಪ್ರತಿವರ್ಷ ಅಷ್ಟು ಹಿಂದಕ್ಕೆ ಬರುತ್ತೆ, ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಮತ್ತೆ ಋತುವಿಗೆ ಕೂರಿಸ್ತಾರೆ. ಪಂಚಾಂಗ ಅನ್ನೋದು ನಮ್ಮ ಊರುಗಳ ಹಳೇ ಶೆಡ್ಯೂಲರ್. ಹತ್ತು ವರ್ಷ ಆಚೆಗಿನ ಹಂಪಿ ತೇರು ಯಾವತ್ತು ಅಂತ ಇವತ್ತೇ ಹೇಳಬಹುದು, ಮುಂದಿನ ವರ್ಷದ ಹಂಪಿ ಉತ್ಸವ ಯಾವತ್ತು ಅಂತ ಹೇಳೋಕಾಗಲ್ಲ. ಪ್ಲಾನ್ ಮಾಡೋ ಪ್ರವಾಸಿಗೆ ಯಾವುದು ಅನುಕೂಲ ನೀವೇ ನೋಡಿ.

ಇನ್ನೊಂದು ದಿನ ಗುರುತು ಹಾಕಿಕೊಳ್ಳಿ, ಪುಷ್ಯ ಬಹುಳ ಅಮಾವಾಸ್ಯೆ, ಜನವರಿ ಅಥವಾ ಫೆಬ್ರವರಿ. ಪುರಂದರದಾಸರ ಆರಾಧನೆ. 1564ರಲ್ಲಿ ದಾಸರು ತೀರಿಕೊಂಡ ತಿಥಿ ಅಂತ ನಂಬಿಕೆ. ಆಗಸ್ಟಿನಲ್ಲಿ ನೀರೊಳಗೆ ಮುಳುಗಿರೋ ಅದೇ ಪುರಂದರ ಮಂಟಪ ಆ ಹೊತ್ತಿಗೆ ಒಣಗಿ ನಿಂತಿರುತ್ತೆ, ಕಲ್ಲಿನ ಮೇಲೆ ಜಮಖಾನ ಹಾಸಿ ತಂಬೂರಿ ಹಿಡಿದು ಕೂತು ಹಾಡ್ತಾರೆ. ಗೈಡುಗಳ ‘ಸೀಸನ್’ ಒಳಗೇ ಬರೋ ದಿನ ಇದು. ಆದರೂ ಹೆಚ್ಚಿನ ಪಟ್ಟಿಗಳಲ್ಲಿ ಕಾಣಲ್ಲ, ಬಹುಶಃ ಫೋಟೋಗೆ ಅಷ್ಟೇನೂ ಚೆಂದ ಬರಲ್ಲ ಅಂತಲೋ ಏನೋ.

ತೇರಿನ ಬೀದಿಯ ಬಗ್ಗೆ ಹೇಳದೆ ಹೋದ್ರೆ ಈ ಬರಹ ಅರ್ಧಕ್ಕೆ ನಿಂತ ಹಾಗೆ. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಬೀದಿ, ಎರಡೂ ಕಡೆ ಕಲ್ಲಿನ ಸಾಲುಮಂಟಪ. 2011ರ ಜುಲೈ ಕೊನೆಯವರೆಗೆ ಅಲ್ಲಿ ಜನ ಇದ್ದರು. ಮಂಟಪಕ್ಕೆ ಗೋಡೆ ಕಟ್ಟಿಕೊಂಡು ಸಂಸಾರ ಮಾಡ್ತಿದ್ದರು, ಟೀ ಅಂಗಡಿ, ಪುಸ್ತಕದಂಗಡಿ, ಬಟ್ಟೆ ಅಂಗಡಿ ಇಟ್ಟಿದ್ದರು. ಆಮೇಲೆ ಬುಲ್ಡೋಜರ್ ಬಂತು. ಸ್ಮಾರಕ ಉಳಿಸಬೇಕು ಅನ್ನೋ ವಾದ ಪೊಳ್ಳಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಹೊಳೆಗೆ ಸೇತುವೆ ಕಟ್ಟೋಕೆ ಹೋಗಿ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲೂ ಇತ್ತು. ಹಳೇ ಕಂಬಕ್ಕೆ ಸಿಮೆಂಟ್ ಮೆತ್ತೋದನ್ನ ಯಾರೂ ಸರಿ ಅನ್ನಲ್ಲ. ಆದರೆ ಜನರನ್ನ ಒಕ್ಕಲೆಬ್ಬಿಸಿ ಕಡ್ಡಿರಾಂಪುರದ ಕಡೆ ಕಳಿಸಿದ ಮೇಲೆ ಉಳಿದಿರೋ ಬೀದಿ ನೋಡಿದರೆ, ಗೈಡುಗಳ ಆ ಒಂದು ಸಾಲು ನೆಲದ ಮೇಲೆ ಜಾರಿಗೆ ಬಂದ ಹಾಗಿದೆ. ಕಲ್ಲು ಇದೆ, ಖಾಲಿ ಇದೆ, ತಂಪಾದಾಗ ಬನ್ನಿ. ಪಾಯೆಸ್ ಕಂಡ ಹಂಪಿಯ ಬೀದಿಗಳು ಖಾಲಿ ಇರಲಿಲ್ಲ, ಅವನು ಬೆರಗಾದದ್ದೇ ಅಲ್ಲಿನ ಜನ ಮತ್ತು ವ್ಯಾಪಾರ ನೋಡಿ.

ಹೊಳೆ ಆಚೆ ವಿರುಪಾಪುರಗಡ್ಡಿಯ ಹೋಟೆಲುಗಳು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಹೋದವು. ಅದರ ಕತೆ ಬೇರೆ, ಅದಕ್ಕೂ ಇದಕ್ಕೂ ಗಂಟು ಹಾಕಲ್ಲ.

ತೇರಿನ ದಿನ ಆ ಬೀದಿಯಲ್ಲಿ ನಿಂತು ನೋಡಿ. ಕಂಪ್ಲಿ, ಗಂಗಾವತಿ, ಸಂಡೂರು, ಹೊಸಪೇಟೆ ಸುತ್ತಿನ ಹಳ್ಳಿ ಜನ ಬಂದು ತುಂಬಿರ್ತಾರೆ. ಎರಡು ತೇರು, ಹಗ್ಗಕ್ಕೆ ನೂರಾರು ಕೈ, ಮೇಲಕ್ಕೆ ತೂರೋ ಬಾಳೆಹಣ್ಣು, ಉತ್ತತ್ತಿ. ಸಾಲುಮಂಟಪದ ನೆರಳಿನಲ್ಲಿ ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂತಿರೋ ಸಂಸಾರಗಳು. ಆ ಮಂಟಪಗಳನ್ನ ಯಾಕೆ ಕಟ್ಟಿದ್ದು ಅಂತ ಯಾವ ಬೋರ್ಡೂ ಹೇಳದಷ್ಟು ಸ್ಪಷ್ಟವಾಗಿ ಅವತ್ತು ಗೊತ್ತಾಗುತ್ತೆ. ಕತ್ತಲಾದ ಮೇಲೆ ಅವರೆಲ್ಲ ಎದ್ದು ಹೋಗ್ತಾರೆ. ಹಿಂದೆ ಆ ಬೀದಿಯಲ್ಲೇ ಮನೆ ಇದ್ದವರೂ ಈಗ ಬಂದು, ನೋಡಿ, ಬಸ್ ಹಿಡಿದು ಹೋಗೋ ಭಕ್ತರೇ.

ಹೋಗೋರಿಗೆ ಕೆಲವು ಮಾತು. ತೇರಿಗೆ ಹೋಗೋದಾದ್ರೆ ಹಿಂದಿನ ದಿನವೇ ಹೊಸಪೇಟೆ ಸೇರ್ಕೊಳ್ಳಿ, ಅಲ್ಲಿಂದ ಹಂಪಿಗೆ 13 ಕಿಲೋಮೀಟರ್. ಗಾಡಿ ತರಬೇಡಿ, ದೂರದಲ್ಲೇ ನಿಲ್ಲಿಸ್ತಾರೆ, ಬಸ್ಸೇ ವಾಸಿ. ಬೆಳಗ್ಗೆ ಬಿಸಿಲೇರೋಕೆ ಮುಂಚೆ ವಿಠ್ಠಲ ದೇವಸ್ಥಾನ ಮುಗಿಸಿ, ಮಧ್ಯಾಹ್ನ ಪೂರ್ತಿ ನೆರಳಲ್ಲಿರಿ, ತೇರು ಎಳೆಯೋದು ಸಂಜೆ. ಶುಕ್ರವಾರ ಕಮಲಾಪುರದ ಮ್ಯೂಸಿಯಂ ಮುಚ್ಚಿರುತ್ತೆ. ಬಿಸಿಲು ತಡೆಯಲ್ಲ ಅನ್ನೋರು ಫಲಪೂಜೆ ಹಿಡಿಯಿರಿ, ಚಳಿಯೂ ಸಿಗುತ್ತೆ, ದೇವರ ನಿಶ್ಚಿತಾರ್ಥವೂ ಸಿಗುತ್ತೆ. ದಿನ ಯಾವುದು ಅಂತ ಇಂಟರ್ನೆಟ್ಟಿಗಿಂತ ದೇವಸ್ಥಾನದಲ್ಲಿ ಕೇಳೋದೇ ಮೇಲು. ಅಥವಾ ಮನೆಯಲ್ಲಿ ಗೋಡೆಗೆ ನೇತುಹಾಕಿರೋ ಕ್ಯಾಲೆಂಡರಿನಲ್ಲಿ ಮಾರ್ಗಶಿರ ಎಲ್ಲಿ ಶುರುವಾಗುತ್ತೆ ನೋಡಿ, ಅಲ್ಲಿಂದ ಎಣಿಸಿಕೊಂಡು ರಜೆ ಬರೆಯಿರಿ.